ಏಳೂವರೆ ಸಾವಿರದ ಸೂಕ್ಷ್ಮದರ್ಶಕ: ಒಂದು ವರ್ಷ ಬಳಸಿದ ಮೇಲೆ

ಕಳೆದ ವರ್ಷ ಜುಲೈನಲ್ಲಿ ಏಳೂವರೆ ಸಾವಿರ ರೂಪಾಯಿ ಕೊಟ್ಟು ಒಂದು ಸೂಕ್ಷ್ಮದರ್ಶಕ ಕೊಂಡೆ. ಶಾಲೆಯ ಅನುದಾನವಲ್ಲ, ನನ್ನ ಸಂಬಳದ ದುಡ್ಡು. ಗುಳೇದಗುಡ್ಡದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಹದಿನಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ ಬರುತ್ತದೆ. ಪ್ರತಿ ವರ್ಷ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಒಂದು ದುಂಡನೆಯ ಚಿತ್ರ ಬರೆದು, ಗೆರೆ ಎಳೆದು, ಭಾಗಗಳ ಹೆಸರು ಬರೆಸಿ ಪಾಠ ಮುಗಿಸುತ್ತಿದ್ದೆ. ಮಕ್ಕಳು ಹೆಸರುಗಳನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಿದ್ದರು. ಆದರೆ ಜೀವಕೋಶವೆಂದರೆ ಪುಸ್ತಕದಲ್ಲಿರುವ ಒಂದು ಚಿತ್ರ ಎಂದೇ ಅವರಲ್ಲಿ ಬಹಳ ಮಂದಿ ನಂಬಿದ್ದರು. ತಮ್ಮ ಕೆನ್ನೆಯೊಳಗೆ, ಅಡುಗೆಮನೆಯ ಉಳ್ಳಾಗಡ್ಡಿಯಲ್ಲಿ ಅದು ಇದೆ ಎಂಬುದು ಅವರಿಗೆ ಮಾತಿನಲ್ಲಿ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ನಾನು ಬಿ.ಎಸ್ಸಿ. ಓದುವಾಗ ಹತ್ತು ಜನಕ್ಕೆ ಒಂದು ಸೂಕ್ಷ್ಮದರ್ಶಕವಿತ್ತು, ನನ್ನ ಸರದಿ ಬರುವ ಹೊತ್ತಿಗೆ ಸ್ಲೈಡ್ ಒಣಗಿರುತ್ತಿತ್ತು. ಆ ಸಂಕಟ ನನ್ನ ಮಕ್ಕಳಿಗೆ ಬೇಡ ಎನ್ನಿಸಿತು.

ಕಂಪನಿಯ ಹೆಸರು ಬರೆಯುವುದಿಲ್ಲ. ಹರಿಯಾಣದ ಅಂಬಾಲದಲ್ಲಿ ಇಂಥ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಗಳು ಬಹಳ ಇವೆ. ಅದೇ ಮಾದರಿ ಬೇರೆ ಬೇರೆ ಹೆಸರು ಹೊತ್ತು ಅಂಗಡಿಗಳಿಗೆ ಬರುತ್ತದೆ. ಹಾಗಾಗಿ ಹೆಸರಿಗಿಂತ ಲಕ್ಷಣ ಹೇಳಿದರೆ ಕೊಳ್ಳುವವರಿಗೆ ಉಪಯೋಗ. ನನ್ನದು ಒಂದೇ ಕಣ್ಣಿನಿಂದ ನೋಡುವ ಸಂಯುಕ್ತ ಸೂಕ್ಷ್ಮದರ್ಶಕ. ಮೈ ಪೂರ್ತಿ ಲೋಹದ್ದು. ಕಣ್ಣಿಡುವ ಕಡೆಯ ನೇತ್ರಮಸೂರ 10 ಪಟ್ಟಿನದು. ನೋಡುವ ವಸ್ತುವಿನ ಕಡೆಯ ವಸ್ತುಮಸೂರಗಳು ಮೂರು, 4, 10 ಮತ್ತು 40 ಪಟ್ಟಿನವು. ಎರಡನ್ನೂ ಗುಣಿಸಿದರೆ ಕಾಣುವ ಹಿಗ್ಗುವಿಕೆ ಸಿಗುತ್ತದೆ: 40, 100, 400. ಕೆಳಗೆ ಕನ್ನಡಿಯ ಬದಲು ಚಾರ್ಜ್ ಮಾಡುವ ಎಲ್‌ಇಡಿ ದೀಪ, ಅದರ ಮೇಲೆ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್, ಬೆಳಕಿನ ಬಾಯಿಯನ್ನು ಹಿರಿದು ಕಿರಿದು ಮಾಡುವ ಐರಿಸ್ ಡಯಾಫ್ರಾಂ. ಬೆಳಗಾವಿಯ ಒಂದು ಅಂಗಡಿಯಲ್ಲಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಇದಕ್ಕೂ ಮೊದಲು ಒಮ್ಮೆ ಮೋಸ ಹೋಗಿದ್ದೆ, ಅದನ್ನು ಹೇಳಲೇಬೇಕು. ಮೂರು ವರ್ಷಗಳ ಹಿಂದೆ ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಸಾವಿರದ ಒಂಬೈನೂರು ರೂಪಾಯಿಗೆ ಒಂದು ಸೂಕ್ಷ್ಮದರ್ಶಕ ತರಿಸಿದ್ದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘1200 ಪಟ್ಟು’ ಎಂದಿತ್ತು. ಒಳಗಿನ ಮಸೂರ ಪ್ಲಾಸ್ಟಿಕ್. ಉಳ್ಳಾಗಡ್ಡಿಯ ಪೊರೆ ಇಟ್ಟು ನೋಡಿದರೆ ಹಾಲಿನಲ್ಲಿ ಅದ್ದಿದ ಬಲೆಯ ಹಾಗೆ ಕಾಣುತ್ತಿತ್ತು, ಅಂಚಿಗೆಲ್ಲ ಕಾಮನಬಿಲ್ಲಿನ ಬಣ್ಣ. ಹಿಗ್ಗಿಸಿದಷ್ಟೂ ಮಸುಕು ಹಿಗ್ಗಿತೇ ಹೊರತು ಹೊಸದೇನೂ ಕಾಣಲಿಲ್ಲ. ಮಕ್ಕಳು ಸೌಜನ್ಯಕ್ಕೆ ‘ಕಂಡಿತು ಅಕ್ಕಾವರೇ’ ಎಂದರು. ಅವರ ಮುಖ ನೋಡಿದರೆ ಏನೂ ಕಂಡಿಲ್ಲವೆಂದು ತಿಳಿಯುತ್ತಿತ್ತು. ಆ ದಿನ ನನಗೆ ಆದ ಬೇಸರ ಇನ್ನೂ ಮರೆತಿಲ್ಲ.

ಹಾಗೇಕೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಕೊಳ್ಳುವ ಪ್ರತಿಯೊಬ್ಬ ಶಿಕ್ಷಕರಿಗೂ ಇದು ತಿಳಿದಿರಬೇಕು. ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಬೇರೆ, ಹತ್ತಿರ ಹತ್ತಿರವಿರುವ ಎರಡು ಚುಕ್ಕಿಗಳು ಎರಡಾಗಿಯೇ ಕಾಣುತ್ತವೆಯೇ ಎಂಬುದು ಬೇರೆ. ಎರಡನೆಯದಕ್ಕೆ ಬೆಳಕೇ ಒಂದು ಗಡಿ ಹಾಕಿದೆ. ಜರ್ಮನಿಯ ಅರ್ನ್‌ಸ್ಟ್ ಅಬ್ಬೆ 1873ರಲ್ಲಿ ಅದನ್ನು ತೋರಿಸಿಕೊಟ್ಟರು. ಒಳ್ಳೆಯ ವಸ್ತುಮಸೂರದ ಪಕ್ಕದಲ್ಲಿ 0.65 ಎಂಬಂಥ ಒಂದು ಸಂಖ್ಯೆ ಕೆತ್ತಿರುತ್ತದೆ. ಅಗಲವಾದ ಕೋನದಿಂದ ಬೆಳಕನ್ನು ಹಿಡಿಯುವ ಅದರ ಶಕ್ತಿಯ ಅಳತೆ ಅದು. ನನ್ನ 40 ಪಟ್ಟಿನ ಮಸೂರದ ಮೇಲೆ 0.65 ಎಂದಿದೆ. ಹಸಿರು ಬೆಳಕಿನಲ್ಲಿ ಲೆಕ್ಕ ಹಾಕಿದರೆ ಅದು ಬಿಡಿಸಿ ತೋರಿಸಬಲ್ಲ ಅಂತರ ಸುಮಾರು 0.4 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರ್‌ನ ಎರಡೂವರೆ ಸಾವಿರದ ಒಂದು ಪಾಲು. ಆ ಸಂಖ್ಯೆಯ ಸಾವಿರ ಪಟ್ಟಿನವರೆಗೆ, ಇಲ್ಲಿ 650ರವರೆಗೆ, ಹಿಗ್ಗಿಸಿದರೆ ಅರ್ಥವಿದೆ. ಅದರಾಚೆ ಬರಿಯ ಪೊಳ್ಳು. ಅಂಗಡಿಯಲ್ಲಿ ‘ಎಷ್ಟು ಪಟ್ಟು?’ ಎಂದು ಕೇಳುವ ಬದಲು ವಸ್ತುಮಸೂರವನ್ನು ಬೆಳಕಿಗೆ ಹಿಡಿದು ಆ ಸಂಖ್ಯೆಯನ್ನು ಓದಿ. ಸಂಖ್ಯೆಯೇ ಇಲ್ಲದಿದ್ದರೆ ಕೊಳ್ಳಬೇಡಿ. 100 ಪಟ್ಟಿನ, ಎಣ್ಣೆ ಹಾಕಿ ನೋಡುವ ಮಸೂರಕ್ಕೆ ಇನ್ನೆರಡು ಸಾವಿರ ಕೊಡಿ ಎಂದು ಅಂಗಡಿಯವರು ಹೇಳಿದರು. ಪ್ರೌಢಶಾಲೆಗೆ ಅದರ ಅಗತ್ಯವಿಲ್ಲ. ನಾನು ಆ ದುಡ್ಡಿನಲ್ಲಿ ಗಾಜಿನ ಸ್ಲೈಡ್, ಅದರ ಮೇಲೆ ಮುಚ್ಚುವ ತೆಳುಗಾಜಿನ ಕವರ್ ಸ್ಲಿಪ್, ಕೋಶಕ್ಕೆ ಬಣ್ಣ ಹಾಕಲು ಅಯೋಡಿನ್ ಮತ್ತು ಮೀಥಿಲೀನ್ ಬ್ಲೂ, ಒಂದು ಚಿಮುಟ ಕೊಂಡೆ, ಸರಿಯಾದ ನಿರ್ಧಾರ.

ಮೊದಲ ದಿನ ಉಳ್ಳಾಗಡ್ಡಿ. ಬಾಗಲಕೋಟೆ ಜಿಲ್ಲೆಯಲ್ಲಿ ಉಳ್ಳಾಗಡ್ಡಿಗೆ ಬರವಿಲ್ಲ. ಮಕ್ಕಳು ಹೊಲದಿಂದಲೇ ತಂದಿದ್ದರು. ಒಳಪದರದ ಒಳಮೈಯಿಂದ ತೆಳುಪೊರೆಯನ್ನು ಚಿಮುಟದಿಂದ ಬಿಡಿಸಿ, ಒಂದು ಹನಿ ನೀರಿನ ಮೇಲೆ ಹರವಿ, ಅಯೋಡಿನ್ ಹಾಕಿ, ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ನಿಧಾನವಾಗಿ ಇಳಿಸಬೇಕು. ಧಡಕ್ಕನೆ ಇಟ್ಟರೆ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ, ಕಪ್ಪು ಅಂಚಿನ ಆ ಗುಳ್ಳೆಯನ್ನೇ ಮಕ್ಕಳು ಜೀವಕೋಶವೆಂದು ಬರೆದುಕೊಳ್ಳುತ್ತಾರೆ. 100 ಪಟ್ಟಿನಲ್ಲಿ ನೋಡಿದಾಗ ಇಟ್ಟಿಗೆ ಜೋಡಿಸಿದಂತೆ ಸಾಲು ಸಾಲು ಕೋಶಗಳು, ಪ್ರತಿಯೊಂದರಲ್ಲೂ ಕಂದು ಬಣ್ಣದ ಒಂದು ಕೋಶಕೇಂದ್ರ. ಅಂಚುಗಳು ಹರಿತವಾಗಿದ್ದವು, ಬಣ್ಣದ ಸೋರಿಕೆ ಇರಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಮಸೂರದ ಕೆಳಗಿಟ್ಟು ಕಾಣುವ ವೃತ್ತದ ಅಗಲ ಅಳೆದೆವು: ಎರಡು ಮಿಲಿಮೀಟರ್‌ಗೆ ತುಸು ಕಡಿಮೆ. ಆ ಅಗಲದಲ್ಲಿ ಉದ್ದುದ್ದ ಆರು ಕೋಶಗಳು ಹಿಡಿದವು. ಹಾಗಾದರೆ ಒಂದರ ಉದ್ದ ಸುಮಾರು 0.3 ಮಿಲಿಮೀಟರ್ ಎಂದು ಮಕ್ಕಳೇ ಭಾಗಾಕಾರ ಮಾಡಿ ಹೇಳಿದರು. ಜೀವಕೋಶವನ್ನು ತಾವೇ ಅಳೆದ ದಿನ ಅದು.

ಡಯಾಫ್ರಾಂ ಬಗ್ಗೆ ಎರಡು ಮಾತು ಹೆಚ್ಚು ಬರೆಯುತ್ತೇನೆ, ಏಕೆಂದರೆ ಈ ಉಪಕರಣದ ಬೆಲೆಗೆ ತಕ್ಕ ಗುಣ ಇರುವುದು ಅಲ್ಲಿಯೇ. ಜೀವಕೋಶದ ಬಹುಪಾಲು ನೀರು. ನೀರಿನಲ್ಲಿ ಇಟ್ಟ ಗಾಜಿನ ಹಾಗೆ ಅದು ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಬಣ್ಣ ಹಾಕುವುದು. ಆದರೆ ಬಣ್ಣ ಹಾಕುವ ಮೊದಲು ಡಯಾಫ್ರಾಂ ಹಿಡಿಯನ್ನು ಮೆಲ್ಲಗೆ ಸರಿಸಿ ಬೆಳಕನ್ನು ಕಿರಿದು ಮಾಡಿ ನೋಡಿ. ಏನೂ ಇಲ್ಲದ ಕಡೆ ಅಂಚುಗಳು ಮೂಡುತ್ತವೆ. ಬಣ್ಣವಿಲ್ಲದ ಕೆನ್ನೆಯ ಕೋಶವನ್ನು ಮಕ್ಕಳಿಗೆ ನಾನು ಹೀಗೆಯೇ ಮೊದಲು ತೋರಿಸುವುದು. ಪೂರ್ತಿ ತೆರೆದ ಬೆಳಕಿನಲ್ಲಿ ಬರಿಯ ಬಿಳುಪು. ತುಸು ಮುಚ್ಚಿದರೆ ಅಂಕುಡೊಂಕಾದ ಒಂದು ಚೂರು ಕಾಣಿಸುತ್ತದೆ. ಇನ್ನೂ ಮುಚ್ಚಿದರೆ ನಡುವಿನ ಕೇಂದ್ರವೂ ಕಾಣುತ್ತದೆ, ಆದರೆ ಸೂಕ್ಷ್ಮ ವಿವರ ಒರಟಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಕೈಗೇ ತಿಳಿಯಬೇಕು. ಬಣ್ಣವಿಲ್ಲದೆ ಬದುಕಿರುವ ಕೋಶವನ್ನು ನೋಡುವ ಇನ್ನೂ ಜಾಣ ವಿಧಾನವನ್ನು ಕಂಡುಹಿಡಿದ ಫ್ರಿಟ್ಸ್ ಜೆರ್ನಿಕೆ ಅವರಿಗೆ 1953ರಲ್ಲಿ ನೊಬೆಲ್ ಬಂದಿತು. ಅಂಥ ಉಪಕರಣ ಶಾಲೆಯ ಕೈಗೆ ಎಟುಕುವುದಲ್ಲ. ಆದರೆ ಐರಿಸ್ ಇಲ್ಲದ, ಬರಿಯ ತೂತುಗಳ ತಟ್ಟೆಯಿರುವ ಅಗ್ಗದ ಮಾದರಿಯನ್ನು ಯಾರೂ ಕೊಳ್ಳಬಾರದು.

ಕೆನ್ನೆಯ ಕೋಶ ತೆಗೆಯುವಾಗ ಪ್ರತಿ ಮಗುವಿಗೂ ಹೊಸ ಹಲ್ಲುಕಡ್ಡಿ, ಆಮೇಲೆ ಕಡ್ಡಿ, ಸ್ಲೈಡ್ ಎರಡೂ ಬ್ಲೀಚಿಂಗ್ ನೀರಿಗೆ. ಇದರಲ್ಲಿ ಸಡಿಲಿಕೆ ಬೇಡ.

ನಮ್ಮ ಮಕ್ಕಳಿಗೆ ಅತ್ಯಂತ ಹಿಡಿಸಿದ್ದು ಉಪ್ಪುನೀರಿನ ಪ್ರಯೋಗ. ಕೆಂಪು ಉಳ್ಳಾಗಡ್ಡಿಯ ಹೊರಮೈಯ ಪೊರೆಯನ್ನು ತೆಗೆದುಕೊಂಡರೆ ಬಣ್ಣ ಹಾಕುವ ಕೆಲಸವೇ ಇಲ್ಲ. ಕೋಶದೊಳಗಿನ ರಸದಾನಿಯಲ್ಲಿ ನೇರಳೆ ಬಣ್ಣ ತಾನಾಗಿಯೇ ತುಂಬಿರುತ್ತದೆ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಗಟ್ಟಿ ಉಪ್ಪುನೀರಿನ ಹನಿ ಬಿಟ್ಟು, ಎದುರಿನ ಅಂಚಿಗೆ ಫಿಲ್ಟರ್ ಕಾಗದದ ಚೂರು ತಾಗಿಸಿದರೆ ನೀರು ಒಳಗೆ ಎಳೆದುಕೊಳ್ಳುತ್ತದೆ. ಎರಡು ಮೂರು ನಿಮಿಷದಲ್ಲಿ ನೇರಳೆ ಬಣ್ಣ ಗೋಡೆಯಿಂದ ಸರಿಯತೊಡಗುತ್ತದೆ. ಮೊದಲು ಮೂಲೆಗಳು ಬಿಡುತ್ತವೆ, ಆಮೇಲೆ ಬದಿಗಳು, ಕೊನೆಗೆ ಕೋಣೆಯ ನಡುವೆ ಮುದುಡಿ ಕುಳಿತ ಒಂದು ನೇರಳೆ ಮುದ್ದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಹೊರಗೋಡೆಯಾದ ಕೋಶಭಿತ್ತಿ ಬೇರೆ, ಅದರೊಳಗೆ ಮುದುಡುವ ಕೋಶಪೊರೆ ಬೇರೆ ಎಂಬುದನ್ನು ಹದಿನೈದು ವರ್ಷ ನಾನು ಬಾಯಿಯಲ್ಲಿ ಹೇಳಿದ್ದೆ. ಅದನ್ನು ಈ ಒಂದು ಸ್ಲೈಡ್ ಮೂರು ನಿಮಿಷದಲ್ಲಿ ಹೇಳಿತು. ‘ಅಕ್ಕಾವರೇ, ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಟ್ಟು ಸುಕ್ಕಾಗುವುದು ಇದೇ ಅಲ್ಲವೇ?’ ಎಂದು ಒಬ್ಬ ಹುಡುಗ ಕೇಳಿದ. ಅದೇ. ಮತ್ತೆ ಸಿಹಿನೀರು ಎಳೆಸಿದೆವು. ಕೆಲವು ಕೋಶಗಳು ಮೊದಲಿನಂತೆ ತುಂಬಿಕೊಂಡವು, ಕೆಲವು ತುಂಬಲಿಲ್ಲ.

ಇನ್ನು ನೂಲಿನ ವಿಷಯ. ಗುಳೇದಗುಡ್ಡ ಎಂದರೆ ಖಣ. ನನ್ನ ತರಗತಿಯ ಮಕ್ಕಳಲ್ಲಿ ನೇಕಾರರ ಮನೆಯವರು ಹಲವರಿದ್ದಾರೆ. ಒಬ್ಬ ಹುಡುಗಿ ಮಗ್ಗದ ಅಡಿಯಲ್ಲಿ ಬಿದ್ದಿದ್ದ ನೂಲಿನ ಚೂರುಗಳನ್ನು ಕಾಗದದಲ್ಲಿ ಮಡಿಸಿ ತಂದಿದ್ದಳು, ರೇಷ್ಮೆಯದೊಂದು, ಹತ್ತಿಯದೊಂದು. ಸೂಜಿಯಿಂದ ಎಳೆ ಬಿಡಿಸಿ ನೀರಿನಲ್ಲಿಟ್ಟು ನೋಡಿದೆವು. ರೇಷ್ಮೆಯ ಎಳೆ ನುಣುಪಾದ ಗಾಜಿನ ಕಡ್ಡಿಯಂತೆ ನೇರವಾಗಿತ್ತು. ಹತ್ತಿಯದು ಹಾಗಲ್ಲ, ಚಪ್ಪಟೆಯಾದ ರಿಬ್ಬನ್ನು ಅಲ್ಲಲ್ಲಿ ತಿರುಚಿಕೊಂಡಂತೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿತ್ತು.

ಆ ಎಳೆ ಒಂದೇ ಒಂದು ಜೀವಕೋಶ ಎಂದು ಹೇಳಿದಾಗ ತರಗತಿ ಸುಮ್ಮನಾಯಿತು. ಹತ್ತಿಯ ಹೂವು ಅರಳುವ ಹೊತ್ತಿಗೆ ಎಳೆಬೀಜದ ಹೊರಮೈಯ ಕೆಲವು ಕೋಶಗಳು ಉಬ್ಬಿ ಉದ್ದಕ್ಕೆ ಬೆಳೆಯತೊಡಗುತ್ತವೆ. ಸುಮಾರು ಮೂರು ವಾರದಲ್ಲಿ ಎರಡೂವರೆ ಮೂರು ಸೆಂಟಿಮೀಟರ್ ಉದ್ದವಾಗುತ್ತವೆ. ದಪ್ಪ ಮಾತ್ರ 15–20 ಮೈಕ್ರೋಮೀಟರ್. ಆಮೇಲೆ ಗೋಡೆಯ ಒಳಬದಿಗೆ ಪದರದ ಮೇಲೆ ಪದರ ಸೆಲ್ಯುಲೋಸ್ ಸೇರುತ್ತದೆ. ಕಾಯಿ ಒಡೆದಾಗ ಒಳಗಿನ ಜೀವದ್ರವ್ಯ ಒಣಗಿ, ಕೋಶ ಸತ್ತು, ಟೊಳ್ಳು ಕೊಳವೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಆ ತಿರುಚುಗಳು ಒಂದಕ್ಕೊಂದು ಹಿಡಿದುಕೊಳ್ಳುವುದರಿಂದ ನೂಲು ನೂಲಾಗುತ್ತದೆ. ರೇಷ್ಮೆಯ ಎಳೆಯಾದರೋ ಜೀವಕೋಶವಲ್ಲ. ಹುಳುವಿನ ಗ್ರಂಥಿಯ ಕೋಶಗಳು ತಯಾರಿಸಿ ಹೊರಹಾಕಿದ ಪ್ರೋಟೀನು. ಒಂದೇ ಖಣದ ಹಾಸು ಹೊಕ್ಕಿನಲ್ಲಿ ಜೀವಕೋಶವೂ ಇದೆ, ಜೀವಕೋಶದ ಕೈಕೆಲಸವೂ ಇದೆ.

ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರು ನೋಡಿ ಸಣ್ಣ ಕೋಣೆಗಳೆಂದು ಹೆಸರಿಟ್ಟಾಗ ಕಂಡದ್ದೂ ಹೀಗೆ ಜೀವ ಹೋದ ಬರಿಗೋಡೆಗಳನ್ನೇ. ಬದುಕಿ ಓಡಾಡುವ ಒಂಟಿಕೋಶದ ಜೀವಿಗಳನ್ನು 1674ರ ಸುಮಾರಿಗೆ ನೀರಿನಲ್ಲಿ ಕಂಡವರು ಹಾಲೆಂಡಿನ ಡೆಲ್ಫ್ಟ್ ಊರಿನ ಲೇವೆನ್‌ಹುಕ್. ಅವರು ಬಟ್ಟೆ ವ್ಯಾಪಾರಿ. ಬಟ್ಟೆ ವ್ಯಾಪಾರದವರು ನೂಲನ್ನು ಪರೀಕ್ಷಿಸಲು ಭೂತಗನ್ನಡಿ ಬಳಸುತ್ತಿದ್ದ ಕಾಲವದು. ಕಾಳಿನಷ್ಟು ಚಿಕ್ಕದಾದ ಒಂದೇ ಮಸೂರವನ್ನು ತಾವೇ ಉಜ್ಜಿ, 270 ಪಟ್ಟಿನವರೆಗೂ ಹಿಗ್ಗಿಸಿದ್ದರು. ಬಟ್ಟೆಯವನೊಬ್ಬ ಮೊದಲು ಕಂಡ ಎಂದಾಗ ನೇಕಾರರ ಮಕ್ಕಳ ಕಣ್ಣಿನಲ್ಲಿ ಬಂದ ಹೊಳಪನ್ನು ನಾನು ಎಂದಿಗೂ ಮರೆಯಲಾರೆ. ಮರುದಿನ ಆ ಹುಡುಗಿಯ ಅಜ್ಜ ಶಾಲೆಗೆ ಬಂದರು. ‘ಅಕ್ಕಾವರೇ, ನಮ್ಮ ನೂಲನ್ನು ನನಗೂ ತೋರಿಸಿ’ ಎಂದರು. ಅವರ ಕನ್ನಡಕ ತೆಗೆಸಿ, ಫೋಕಸ್ ಅವರ ಕಣ್ಣಿಗೆ ಹೊಂದಿಸಿಕೊಟ್ಟೆ. ಬಹಳ ಹೊತ್ತು ನೋಡಿದರು. ‘ಐವತ್ತು ವರ್ಷ ಇದನ್ನೇ ಕೈಯಲ್ಲಿ ಹಿಡಿದಿದ್ದೇನೆ’ ಎಂದಷ್ಟೇ ಹೇಳಿದರು.

ಕುಂದುಗಳೂ ಇವೆ. ಬಂದ ಮೊದಲ ವಾರ ದೊಡ್ಡ ತಿರುಗಣೆ ಸಡಿಲವಿತ್ತು. ಫೋಕಸ್ ಮಾಡಿ ಕೈ ಬಿಟ್ಟರೆ ವೇದಿಕೆ ತಾನಾಗಿ ಜಾರುತ್ತಿತ್ತು. ವೇದಿಕೆ ಎಷ್ಟು ಎತ್ತರಕ್ಕೆ ಏರಬಹುದೆಂದು ತಡೆಯುವ ತಿರುಪನ್ನು ಕಾರ್ಖಾನೆಯಲ್ಲಿ ಸರಿಪಡಿಸಿಯೇ ಇರಲಿಲ್ಲ. ಅದರಿಂದ 40 ಪಟ್ಟಿನ ಮಸೂರ ಸ್ಲೈಡಿಗೆ ತಾಗಿ ಎರಡು ಕವರ್ ಸ್ಲಿಪ್ ಒಡೆದವು. ಮಸೂರಕ್ಕೆ ಗೀರು ಬೀಳದೆ ಉಳಿದದ್ದು ಅದೃಷ್ಟ. ಅಂಗಡಿಗೆ ಫೋನ್ ಮಾಡಿದಾಗ ಅಲ್ಲಿನ ಕೆಲಸಗಾರರೊಬ್ಬರು ತಾಳ್ಮೆಯಿಂದ, ವಿಡಿಯೊ ಕರೆಯಲ್ಲಿ, ಯಾವ ತಿರುಪು ಎಷ್ಟು ಬಿಗಿಸಬೇಕೆಂದು ಹೇಳಿಕೊಟ್ಟರು. ಅಂದಿನಿಂದ ತೊಂದರೆಯಿಲ್ಲ. ಆದರೆ ಏಳೂವರೆ ಸಾವಿರ ತೆಗೆದುಕೊಂಡು ತಯಾರಕರು ಮಾಡಿ ಕಳಿಸಬೇಕಾದ ಕೆಲಸ ಅದು. ಕೈಪಿಡಿ ಇಂಗ್ಲಿಷಿನಲ್ಲಿ, ಎರಡೇ ಪುಟ. ಸ್ಲೈಡನ್ನು ಕ್ಲಿಪ್ಪಿನಿಂದ ಹಿಡಿಸಿ ಬೆರಳಿನಿಂದಲೇ ಸರಿಸಬೇಕು. 400 ಪಟ್ಟಿನಲ್ಲಿ ಬೆರಳು ಕೂದಲೆಳೆಯಷ್ಟು ಅಲುಗಿದರೂ ಕೋಶ ವೃತ್ತದಾಚೆ ಹೋಗುತ್ತದೆ. ತಿರುಗಣೆಯಿಂದ ಸ್ಲೈಡ್ ಸರಿಸುವ ವ್ಯವಸ್ಥೆ ಇರುವ ಮಾದರಿಗೆ ಸಾವಿರದಿನ್ನೂರು ಹೆಚ್ಚು ಕೇಳಿದ್ದರು. ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ಧೂಳು ನಮ್ಮ ಕಡೆಯ ದೊಡ್ಡ ಶತ್ರು. ಬೇಸಿಗೆಯ ಗಾಳಿಗೆ ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಮಣ್ಣಿನ ಪದರ ಕೂರುತ್ತದೆ. ಮಸೂರವನ್ನು ಸೆರಗಿನಿಂದಾಗಲಿ ಕರವಸ್ತ್ರದಿಂದಾಗಲಿ ಒರೆಸಬೇಡಿ. ಮಣ್ಣಿನ ಕಣ ಗಾಜನ್ನು ಗೀರುತ್ತದೆ. ರಬ್ಬರ್ ಬುರುಡೆಯಿಂದ ಗಾಳಿ ಊದಿ, ಆಮೇಲೆ ಮಸೂರದ ಕಾಗದದಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಮಸೂರಕ್ಕೆ ಬೂಷ್ಟು ಹಿಡಿಯುವುದಿಲ್ಲ.

ಇದು ತೋರಿಸದ್ದನ್ನೂ ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ‘ಮೈಟೋಕಾಂಡ್ರಿಯಾ ಎಲ್ಲಿ? ಪುಸ್ತಕದಲ್ಲಿ ಕಿತ್ತಳೆ ಬಣ್ಣದ್ದಿದೆಯಲ್ಲ’ ಎಂದು ಪ್ರತಿ ತಂಡವೂ ಕೇಳುತ್ತದೆ. ಪುಸ್ತಕದ ಬಣ್ಣ ಚಿತ್ರಕಾರರು ಹಾಕಿದ್ದು. ಕೋಶಕ್ಕೆ ಶಕ್ತಿ ಒದಗಿಸುವ ಈ ಮೈಟೋಕಾಂಡ್ರಿಯಾದ ಅಗಲ ಅರ್ಧದಿಂದ ಒಂದು ಮೈಕ್ರೋಮೀಟರ್. ಬೆಳಕಿನ ಗಡಿಯ ಹೊಸ್ತಿಲಲ್ಲೇ ಅದು ನಿಂತಿದೆ, ಒಳಗಿನ ಮಡಿಕೆಗಳಂತೂ ಗಡಿಯಾಚೆ. ಅವನ್ನು ತೋರಿಸಿದ್ದು ಬೆಳಕಿನ ಬದಲು ಎಲೆಕ್ಟ್ರಾನ್ ಬಳಸುವ ಸೂಕ್ಷ್ಮದರ್ಶಕ. ಅದರ ಮೊದಲ ರೂಪವನ್ನು 1931ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಅರ್ನ್‌ಸ್ಟ್ ರುಸ್ಕಾ ಅವರಿಗೆ ನೊಬೆಲ್ ಬಂದದ್ದು 1986ರಲ್ಲಿ. ಆದರೆ ಅದರೊಳಗೆ ನಿರ್ವಾತ. ಬದುಕಿರುವ ಉಳ್ಳಾಗಡ್ಡಿ ಕೋಶ ಉಪ್ಪುನೀರಿಗೆ ಮುದುಡುವುದನ್ನು ಅದರಲ್ಲಿ ಹೀಗೆ ಕಣ್ಣೆದುರು ನೋಡಲಾಗದು. ಆನುವಂಶಿಕ ಗುಣಗಳನ್ನು ಹೊತ್ತ ಕ್ರೋಮೋಸೋಮುಗಳು ಮಾತ್ರ ನನ್ನ ಈ ಸೂಕ್ಷ್ಮದರ್ಶಕದಲ್ಲೇ ಸಿಕ್ಕವು. ಉಳ್ಳಾಗಡ್ಡಿಯನ್ನು ನೀರಿನ ಲೋಟದ ಬಾಯಿಯ ಮೇಲಿಟ್ಟು ಬೇರು ಬರಿಸಿ, ಬೇರಿನ ತುದಿಯನ್ನು ಆಮ್ಲದಲ್ಲಿ ಮೆದುವಾಗಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ ಹೆಬ್ಬೆರಳಿನಿಂದ ಒತ್ತಿದೆವು. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಒಂದು ಕೋಶದಲ್ಲಿ ಕೆಂಪು ದಾರದ ತುಂಡುಗಳು ಎರಡು ಗುಂಪಾಗಿ ಎದುರುಬದುರು ಸರಿದು ನಿಂತಿದ್ದು ಕಂಡಿತು. ಆಮ್ಲದ ಕೆಲಸ ಮಾತ್ರ ನಾನೇ ಮಾಡುತ್ತೇನೆ, ಮಕ್ಕಳ ಕೈಗೆ ಕೊಡುವುದಿಲ್ಲ.

ಏಳೂವರೆ ಸಾವಿರ ಸಾಧ್ಯವಿಲ್ಲದವರಿಗೆ ಕಾಗದ ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಅದರ ವಿವರ ಪ್ರಕಟಿಸಿತು. ಲೇವೆನ್‌ಹುಕ್‌ನಂತೆಯೇ ಒಂದೇ ಪುಟ್ಟ ಮಸೂರ, ಹಿಗ್ಗುವಿಕೆ 140 ಪಟ್ಟು. ನನ್ನಲ್ಲಿ ಒಂದಿದೆ. ಬಾದಾಮಿಗೆ ಪ್ರವಾಸ ಹೋದಾಗ ಅಗಸ್ತ್ಯ ತೀರ್ಥದ ದಂಡೆಯಲ್ಲೇ ಹಸಿರು ನೀರಿನ ಹನಿಯನ್ನು ಅದರಲ್ಲಿ ನೋಡಿದೆವು. ಪಾಚಿಯ ಎಳೆಗಳು ಚೆನ್ನಾಗಿ ಕಂಡವು. ಜೇಬಿನಲ್ಲಿ ಹಿಡಿಯುತ್ತದೆ, ಬಿದ್ದರೂ ಒಡೆಯುವುದಿಲ್ಲ. ಆದರೆ ಕಣ್ಣಿಗೆ ಹತ್ತಿರ ಹಿಡಿದು ಬೆಳಕಿಗೆ ತಿರುಗಿಸಿ ನೋಡುವುದು ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ, ಮತ್ತು ನಾನು ಫೋಕಸ್ ಮಾಡಿಕೊಟ್ಟದ್ದನ್ನು ಅವರು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅದು ತಪ್ಪಿರುತ್ತದೆ. ನಲವತ್ತು ಮಕ್ಕಳು ಸಾಲಾಗಿ ಬಂದು ಅದೇ ಕೋಶವನ್ನು ನೋಡಬೇಕಾದರೆ ಮೇಜಿನ ಮೇಲೆ ನಿಲ್ಲುವ ಉಪಕರಣವೇ ಬೇಕು.

ಕರೆಂಟ್ ಹೋದರೂ ನಮ್ಮ ಪಾಠ ನಿಲ್ಲುವುದಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ದೀಪ ಒಂದು ದಿನದ ತರಗತಿಗಳಿಗೆ ಸಾಕಾಗುತ್ತದೆ. ಇದೇ ಜೂನ್‌ನಲ್ಲಿ ಎರಡನೆಯದನ್ನು ಕೊಳ್ಳುತ್ತೇನೆ, ಅದೇ ಅಂಗಡಿಯಲ್ಲಿ, ಸ್ಲೈಡ್ ಸರಿಸುವ ತಿರುಗಣೆ ಇರುವುದನ್ನು. ಈ ಸಲ ಅರ್ಧ ದುಡ್ಡು ಹಾಕುವುದಾಗಿ ಹಳೆಯ ವಿದ್ಯಾರ್ಥಿಗಳು ಹೇಳಿದ್ದಾರೆ. ಅಂಗಡಿಯಲ್ಲೇ ತಿರುಪುಗಳನ್ನು ಬಿಗಿಸಿ, ಉಳ್ಳಾಗಡ್ಡಿಯ ಪೊರೆ ಇಟ್ಟು ನೋಡಿದ ಮೇಲೆಯೇ ದುಡ್ಡು ಕೊಡುವುದು ಎಂದು ನಿಶ್ಚಯಿಸಿದ್ದೇನೆ. ಉಳ್ಳಾಗಡ್ಡಿಯನ್ನು ಚೀಲದಲ್ಲಿ ನಾನೇ ಒಯ್ಯುತ್ತೇನೆ.